ವಿಡಿಯೊ ಕೊನೆಗೆ: ಮಲೆನಾಡಿನ ಕಾಲೇಜಿನಲ್ಲಿ ಫ್ಲಿಪ್ಡ್ ಕ್ಲಾಸ್ ಮಾಡುವ ಕ್ರಮ

ಸೆಮಿಸ್ಟರ್ ಶುರುವಾಗಿ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಹೋದ್ಯೋಗಿಗಳಿಂದ ನನಗೆ ಒಂದೇ ಬಗೆಯ ಫೋನ್ ಬರುತ್ತದೆ. "ಮೇಡಂ, ರಾತ್ರಿ ಹನ್ನೆರಡರವರೆಗೂ ಕೂತು ವಿಡಿಯೊ ಮಾಡಿ ಗ್ರೂಪಿಗೆ ಹಾಕಿದ್ದೆ. ಅರವತ್ತು ಜನರಲ್ಲಿ ಒಂಬತ್ತು ಜನ ನೋಡಿ ಬಂದಿದ್ದಾರೆ. ಕೊನೆಗೆ ಅದೇ ಪಾಠವನ್ನ ಕ್ಲಾಸಲ್ಲಿ ಮತ್ತೆ ಮಾಡಬೇಕಾಯ್ತು." ಮಕ್ಕಳಿಗೆ ಆಸಕ್ತಿಯೇ ಇಲ್ಲ ಎಂಬ ತೀರ್ಮಾನಕ್ಕೂ ಅವರು ಬಂದಿರುತ್ತಾರೆ. ನಾನು ಕೇಳುವುದು ಇಷ್ಟೇ: ನೋಡಿ ಬಂದ ಒಂಬತ್ತು ಜನರಿಗೆ ಕ್ಲಾಸಿನಲ್ಲಿ ನೀವು ಏನು ಕೆಲಸ ಇಟ್ಟಿದ್ದಿರಿ?

ಹೆಚ್ಚಿನವರ ಹತ್ತಿರ ಇದಕ್ಕೆ ಉತ್ತರ ಇರುವುದಿಲ್ಲ. ಕೇಳಿ ತಿಳಿಯುವ ಭಾಗ ಮನೆಗೆ, ಕೈಯಾರೆ ಮಾಡಿ ಕಲಿಯುವ ಭಾಗ ಕ್ಲಾಸಿಗೆ. ಫ್ಲಿಪ್ಡ್ ಕ್ಲಾಸ್ ಅಂದರೆ ಇಷ್ಟೇ. ನಾವು ಮೊದಲ ಅರ್ಧಕ್ಕೇ ಎಲ್ಲ ಶ್ರಮ ಸುರಿದು, ಎರಡನೆಯ ಅರ್ಧವನ್ನು ಖಾಲಿ ಬಿಡುತ್ತೇವೆ. ಆದ್ದರಿಂದ ಈ ಬರಹದಲ್ಲಿ ರೆಕಾರ್ಡಿಂಗ್ ಐದನೆಯ ಹಂತದಲ್ಲಿ ಬರುತ್ತದೆ. ದಯವಿಟ್ಟು ನೇರವಾಗಿ ಅಲ್ಲಿಗೆ ಹಾರಬೇಡಿ.

ನನ್ನ ವಿಷಯ ಅರ್ಥಶಾಸ್ತ್ರ, ಹಾಗಾಗಿ ಉದಾಹರಣೆಗಳು ಅಲ್ಲಿಂದಲೇ. ಕ್ರಮ ಮಾತ್ರ ಇತಿಹಾಸಕ್ಕೂ ರಸಾಯನಶಾಸ್ತ್ರಕ್ಕೂ ಇದೇ.

## ಬೇಕಾಗುವ ಸಾಮಾನು

ಒಂದು ಸಾಧಾರಣ ಸ್ಮಾರ್ಟ್‌ಫೋನ್, ಅಂಗಿಗೆ ಸಿಕ್ಕಿಸುವ ಸಣ್ಣ ಕಾಲರ್ ಮೈಕ್, ಒಂದು ಪೆನ್‌ಡ್ರೈವ್ ಮತ್ತು ಅದನ್ನು ಫೋನಿಗೆ ಜೋಡಿಸುವ ಓಟಿಜಿ, ನಾಲ್ಕು ಬಣ್ಣದ ದಪ್ಪ ಕಾಗದ, ಎ ಫೋರ್ ಹಾಳೆಯನ್ನು ನಾಲ್ಕಾಗಿ ಕತ್ತರಿಸಿದ ಚೀಟಿಗಳು. ಪ್ರೊಜೆಕ್ಟರ್ ಇದ್ದರೆ ಒಳ್ಳೆಯದು. ಕರೆಂಟ್ ಹೋದ ದಿನ ಕರಿಹಲಗೆಯೇ ಗತಿ, ಆದ್ದರಿಂದ ಪ್ರೊಜೆಕ್ಟರ್ ಇಲ್ಲದೆಯೂ ನಡೆಯುವಂತೆ ಯೋಜಿಸಿ. ಕ್ಯಾಮೆರಾ ಸ್ಟ್ಯಾಂಡು, ರಿಂಗ್ ಲೈಟು, ಎಡಿಟಿಂಗ್ ಸಾಫ್ಟ್‌ವೇರ್‌ಗಳಿಗೆ ಈಗ ದುಡ್ಡು ಹಾಕಬೇಡಿ.

## ಹಂತ 1: ಇಡೀ ಪತ್ರಿಕೆ ಬೇಡ, ಒಂದು ಗಂಟೆ ಆರಿಸಿ

ಸಿಲಬಸ್ ಎದುರಿಗಿಟ್ಟುಕೊಂಡು, ಪ್ರತಿ ವರ್ಷ ಮಕ್ಕಳು ಎಲ್ಲಿ ಎಡವುತ್ತಾರೋ ಆ ಜಾಗ ಹುಡುಕಿ. ಹಳೆಯ ಉತ್ತರ ಪತ್ರಿಕೆಗಳು ಅದನ್ನು ಹೇಳುತ್ತವೆ. ನನಗೆ ಆ ಜಾಗ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬ ಅಳತೆ. ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ, ಲೆಕ್ಕವನ್ನೂ ಮಾಡುತ್ತಾರೆ. ಬೆಲೆ ಏರಿಸಿದರೆ ಮಾರುವವನಿಗೆ ಲಾಭವೋ ನಷ್ಟವೋ ಎಂದು ಕೇಳಿದರೆ ಊಹಿಸುತ್ತಾರೆ.

ಹೇಳಿದರೆ ಸಾಕು ಎನ್ನುವ ಪಾಠಗಳನ್ನು, ಅಂದರೆ ಇಸವಿ, ಪಟ್ಟಿ, ಪರಿಭಾಷೆಗಳನ್ನು ಹೀಗೆ ತಿರುಗಿಸಿ ಫಲವಿಲ್ಲ. ತಪ್ಪಾಗಿ ಅರ್ಥವಾಗುವ ಪಾಠ ಬೇಕು.

ತಿಂಗಳನ್ನೂ ನೋಡಿ. ಜುಲೈ, ಆಗಸ್ಟಿನಲ್ಲಿ ಮಳೆ ಜೋರಾದರೆ ಹಿಂದಿನ ಸಂಜೆಯೇ ರಜೆ ಘೋಷಣೆಯಾಗುತ್ತದೆ. ಸೋಮವಾರಕ್ಕೆ ಇಟ್ಟ ಕ್ಲಾಸು ಗುರುವಾರಕ್ಕೆ ಹೋಗುತ್ತದೆ, ಅಷ್ಟರಲ್ಲಿ ಕೇಳಿದ್ದೆಲ್ಲ ಮರೆತಿರುತ್ತದೆ. ಅಡಿಕೆಯ ಕೊನೆ ಕೊಯ್ಲಿನ ದಿನಗಳಲ್ಲಿ ಹಾಜರಾತಿಯೇ ಅರ್ಧ. ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯಲು ಕೂರುವ ಹುಡುಗಿಗೆ ಆ ವಾರ ಮನೆಕೆಲಸ ಕೊಡುವುದು ಅನ್ಯಾಯ. ಮೊದಲ ಪ್ರಯತ್ನವನ್ನು ಈ ಎರಡೂ ಕಾಲದಿಂದ ದೂರ ಇಡಿ.

## ಹಂತ 2: ಯಾರ ಹತ್ತಿರ ಏನಿದೆ ಎಂದು ಕಾಗದದಲ್ಲಿ ಕೇಳಿ

ಗೂಗಲ್ ಫಾರ್ಮ್ ಕಳಿಸಿದರೆ ನೆಟ್ ಇದ್ದವರು ಮಾತ್ರ ಉತ್ತರಿಸುತ್ತಾರೆ. ನೂರಕ್ಕೆ ನೂರು ಜನರ ಬಳಿ ನೆಟ್ ಇದೆ ಎಂಬ ಸುಳ್ಳು ಲೆಕ್ಕ ಸಿಗುತ್ತದೆ. ಒಂದು ಚೀಟಿ ಹಂಚಿ, ನಾಲ್ಕು ಪ್ರಶ್ನೆ ಕೇಳಿ: ಫೋನ್ ನಿಮ್ಮದೋ, ಅಣ್ಣನದೋ, ಅಪ್ಪನದೋ? ಮನೆಯೊಳಗೆ ಸಿಗ್ನಲ್ ಬರುತ್ತದೆಯೋ, ಹೊರಗೆ ಹೋಗಬೇಕೋ? ಮನೆಗೆ ಮುಟ್ಟುವುದು ಎಷ್ಟು ಗಂಟೆಗೆ? ಬಸ್ಸಿನಲ್ಲಿ ಎಷ್ಟು ಹೊತ್ತು?

ಕೊನೆಯ ಪ್ರಶ್ನೆ ನನಗೆ ದಾರಿ ತೋರಿಸಿತು. ಸಿಗ್ನಲ್ಲಿಗಾಗಿ ಗುಡ್ಡದ ನೆತ್ತಿಯವರೆಗೆ ನಡೆಯಬೇಕಾದ ಮಕ್ಕಳೂ ದಿನಕ್ಕೆ ಒಂದೂವರೆ ಗಂಟೆ ಬಸ್ಸಿನಲ್ಲಿ ಕೂರುತ್ತಾರೆ. ಆಡಿಯೊ ಫೋನಿನಲ್ಲೇ ಇದ್ದರೆ ಅದಕ್ಕೆ ಸಿಗ್ನಲ್ ಬೇಡ.

ಫೋನೇ ಇಲ್ಲ ಎಂದು ಬರೆದವರ ಹೆಸರನ್ನು ಕ್ಲಾಸಿನಲ್ಲಿ ಓದಬೇಡಿ. ಅವರಿಗೆ ಅಚ್ಚು ಹಾಕಿದ ಪ್ರತಿ ಕೊಡುವ ವ್ಯವಸ್ಥೆ ನಿಮ್ಮ ಮತ್ತು ಅವರ ನಡುವೆಯೇ ಇರಲಿ.

## ಹಂತ 3: ಕ್ಲಾಸಿನಲ್ಲಿ ಕೇಳುವ ಪ್ರಶ್ನೆ ಬರೆಯಿರಿ

ನಿಮ್ಮ ಸಮಯದ ಮುಕ್ಕಾಲು ಪಾಲು ಇಲ್ಲಿ ಹೋಗಬೇಕು. ಒಂದು ಗಂಟೆಗೆ ಮೂರು ಪ್ರಶ್ನೆ ಸಾಕು, ಆದರೆ ಅವು ಚೆನ್ನಾಗಿರಬೇಕು.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಬಳಸುತ್ತ ಬಂದ ವಿಧಾನವನ್ನೇ ನಾನು ಅನುಸರಿಸುತ್ತೇನೆ. ಪ್ರಶ್ನೆ ಕೊಡುವುದು, ಒಬ್ಬೊಬ್ಬರೇ ಯೋಚಿಸಿ ಉತ್ತರ ತೋರಿಸುವುದು, ಪಕ್ಕದವರ ಜೊತೆ ವಾದಿಸುವುದು, ಮತ್ತೆ ಉತ್ತರ ತೋರಿಸುವುದು. ಇದು ನಡೆಯಬೇಕಾದರೆ ಪ್ರಶ್ನೆಯಲ್ಲಿ ವಾದಕ್ಕೆ ಜಾಗ ಇರಬೇಕು. "ಸ್ಥಿತಿಸ್ಥಾಪಕತ್ವದ ಸೂತ್ರ ಯಾವುದು" ಎಂದು ಕೇಳಿದರೆ ವಾದ ಹುಟ್ಟುವುದಿಲ್ಲ.

ಮೊದಲ ವರ್ಷ ನಾನು ಅಡಿಕೆ ಧಾರಣೆಯ ಮೇಲೆ ಪ್ರಶ್ನೆ ಮಾಡಿದೆ, ಮಕ್ಕಳಿಗೆ ಹತ್ತಿರದ ವಿಷಯ ಎಂದು. ಕ್ಲಾಸು ಗದ್ದಲವೆದ್ದಿತು, ಪಾಠ ಮಾತ್ರ ದಾರಿ ತಪ್ಪಿತು. ಅವರೆಲ್ಲ ಬೆಳೆಗಾರರ ಮನೆಯವರು. ಧಾರಣೆ ಏರಿತು ಎಂದ ಕೂಡಲೇ ಅವರು ಯೋಚಿಸಿದ್ದು ಎಷ್ಟು ಮಾರಬೇಕು, ಎಷ್ಟು ಇಟ್ಟುಕೊಳ್ಳಬೇಕು, ಹೊಸ ತೋಟ ಹಾಕಿದರೆ ಫಸಲು ಬರಲು ಎಷ್ಟು ವರ್ಷ ಎಂದು. ಅದೆಲ್ಲ ಪೂರೈಕೆಯ ಮಾತು. ನನಗೆ ಬೇಕಿದ್ದದ್ದು ಕೊಳ್ಳುವವರ ಕಡೆಯ ಮಾತು. ಹತ್ತಿರದ ಉದಾಹರಣೆ ಹುಡುಕುವಾಗ, ಆ ಉದಾಹರಣೆಯಲ್ಲಿ ವಿದ್ಯಾರ್ಥಿ ಯಾರ ಜಾಗದಲ್ಲಿ ನಿಂತಿರುತ್ತಾನೆ ಎಂದು ನೋಡಿಕೊಳ್ಳಿ.

ಮಕ್ಕಳು ದಿನವೂ ಕೊಳ್ಳುವುದು ಬಸ್ ಟಿಕೆಟ್. ಮುಂದಿನ ವರ್ಷ ಪ್ರಶ್ನೆಗಳು ಹೀಗಾದವು.

ಮೊದಲನೆಯದು: "ಒಂದು ಹಳ್ಳಿಗೆ ಇರುವುದು ಒಂದೇ ಬಸ್ಸು. ಟಿಕೆಟ್ ದರ 10% ಏರಿತು, ಹತ್ತುವವರ ಸಂಖ್ಯೆ 4% ಇಳಿಯಿತು. ಬಸ್ಸಿನ ದಿನದ ಕಲೆಕ್ಷನ್ ಏನಾಯಿತು? ಎ: ಜನ ಕಡಿಮೆಯಾದ್ದರಿಂದ ಇಳಿಯಿತು. ಬಿ: ಏರಿತು. ಸಿ: ಮೊದಲಿನಷ್ಟೇ ಉಳಿಯಿತು. ಡಿ: ಟಿಕೆಟ್ ದರ ಎಷ್ಟೆಂದು ಗೊತ್ತಿಲ್ಲದೆ ಹೇಳಲಾಗದು."

ಪ್ರತಿ ತಪ್ಪು ಉತ್ತರದ ಹಿಂದೆಯೂ ಒಂದು ನಿಜವಾದ ಗೊಂದಲ ಇದೆ. ಎ ಆರಿಸುವವರು ಜನರ ಸಂಖ್ಯೆ ನೋಡಿ ಬೆಲೆ ಮರೆಯುತ್ತಾರೆ. ಸಿ ಆರಿಸುವವರು ಏರಿಕೆ ಇಳಿಕೆಗಳು ಒಂದನ್ನೊಂದು ಸರಿದೂಗಿಸುತ್ತವೆ ಎಂದುಕೊಂಡಿರುತ್ತಾರೆ. ಡಿ ಆರಿಸುವವರಿಗೆ ಶೇಕಡಾವಾರು ಬದಲಾವಣೆಯೇ ಸಾಕು ಎಂಬುದು ಹೊಳೆದಿಲ್ಲ. ಅವರು ಬುದ್ಧಿವಂತರೇ, ಒಂದು ಹೆಜ್ಜೆ ಹಿಂದಿದ್ದಾರೆ. ಭರ್ತಿಗಾಗಿ ಬರೆದ ಆಯ್ಕೆಯನ್ನು ಹೊಡೆದುಹಾಕಿ. ಹಳೆಯ ಉತ್ತರ ಪತ್ರಿಕೆಗಳಲ್ಲಿ ಮಕ್ಕಳು ನಿಜವಾಗಿ ಬರೆದ ತಪ್ಪುಗಳೇ ನಿಮ್ಮ ಎ, ಸಿ, ಡಿ.

ವಾದ ಮುಗಿದ ಮೇಲೆ ಹಲಗೆಯ ಮೇಲೆ ಅಂಕಿ ಹಾಕಿ ತೋರಿಸುತ್ತೇನೆ. ಟಿಕೆಟ್ 50 ರೂಪಾಯಿ, ಹತ್ತುವವರು 100 ಜನ ಆಗಿದ್ದರೆ ಕಲೆಕ್ಷನ್ 5,000. ದರ 55 ಆಗಿ ಜನ 96 ಆದರೆ 5,280. ಸ್ಥಿತಿಸ್ಥಾಪಕತ್ವ, ಅಂದರೆ 4%ನ್ನು 10%ರಿಂದ ಭಾಗಿಸಿದರೆ, 0.4. ಬೇರೆ ದರ ಹಾಕಿ ನೋಡಿ ಎಂದು ಡಿ ಹಿಡಿದವರನ್ನೇ ಹಲಗೆಗೆ ಕರೆಯುತ್ತೇನೆ.

ಎರಡನೆಯದು: ಹತ್ತು ನಿಮಿಷಕ್ಕೊಂದು ಬಸ್ಸು ಇರುವ ದಾರಿಯಲ್ಲಿ ಒಬ್ಬ ಮಾಲೀಕ ಮಾತ್ರ ದರ ಏರಿಸಿದರೆ? ಮೂರನೆಯದು: ಅದೇ ದಾರಿಯಲ್ಲಿ ಎಲ್ಲರೂ ಒಂದೇ ದಿನ ಏರಿಸಿದರೆ? ಒಂದು ಬಸ್ಸಿನ ಬೇಡಿಕೆಗೂ ಇಡೀ ದಾರಿಯ ಬೇಡಿಕೆಗೂ ಇರುವ ವ್ಯತ್ಯಾಸವನ್ನು ಮಕ್ಕಳು ತಾವೇ ಕಂಡುಕೊಳ್ಳುವುದು ಇಲ್ಲಿ. ನಾನು ಹತ್ತು ವರ್ಷ ಬೋರ್ಡಿನ ಮೇಲೆ ರೇಖೆ ಎಳೆದು ಹೇಳಿದ್ದಕ್ಕಿಂತ ಇದು ಆಳಕ್ಕೆ ಇಳಿದಿದೆ.

## ಹಂತ 4: ಚೀಟಿ

ಮನೆಯಲ್ಲಿ ಕೇಳಿ ಬಂದಿದ್ದಾರೋ ಇಲ್ಲವೋ ಎಂದು ತಿಳಿಯಲು ಆನ್‌ಲೈನ್ ಕ್ವಿಜ್ ಬೇಡ. ಕಾಲು ಹಾಳೆಯ ಚೀಟಿಯಲ್ಲಿ ಎರಡೇ ಸಾಲು: ನಿಮ್ಮ ಮನೆಯವರು ಬೆಲೆ ಏರಿದರೂ ಕೊಳ್ಳುವುದನ್ನು ಬಿಡದ ಒಂದು ವಸ್ತು ಯಾವುದು, ಯಾಕೆ? ಪಾಠದಲ್ಲಿ ಎಲ್ಲಿ ಅರ್ಥವಾಗಲಿಲ್ಲ?

ಮೊದಲ ಸಾಲನ್ನು ಪಕ್ಕದವರಿಂದ ನಕಲು ಮಾಡಿದರೆ ಕೂಡಲೇ ಗೊತ್ತಾಗುತ್ತದೆ. ಎಐ ಆ್ಯಪ್‌ಗೆ ಕೇಳಿದರೆ ಅದು ಉಪ್ಪು ಎನ್ನುತ್ತದೆ, ಔಷಧಿ ಎನ್ನುತ್ತದೆ. ನನ್ನ ಕ್ಲಾಸಿನ ಒಬ್ಬಳು ಬರೆದದ್ದು, "ಅಜ್ಜಿಯ ಹೊಗೆಸೊಪ್ಪು. ಊಟ ಬಿಟ್ಟಾಳು, ಅದನ್ನ ಬಿಡಳು." ಆ ಚೀಟಿಯನ್ನು ಅವಳ ಒಪ್ಪಿಗೆ ಪಡೆದು ಕ್ಲಾಸಿನಲ್ಲಿ ಓದಿದೆ. ಅಸ್ಥಿತಿಸ್ಥಾಪಕ ಬೇಡಿಕೆಗೆ ನಾನು ಬೇರೆ ಉದಾಹರಣೆ ಕೊಡಬೇಕಾಗಲಿಲ್ಲ.

ಎರಡನೆಯ ಸಾಲು ನಿಮಗಾಗಿ. "ಎಲ್ಲ ಅರ್ಥವಾಯಿತು" ಎಂದು ಬರೆದವರು ಕೇಳಿಲ್ಲ ಎಂದೇ ನಾನು ತಿಳಿಯುತ್ತೇನೆ, ಬಹುಪಾಲು ಸಲ ಅದು ಸರಿಯಾಗಿರುತ್ತದೆ.

## ಹಂತ 5: ಈಗ ರೆಕಾರ್ಡಿಂಗ್

ಮೂರು ಪ್ರಶ್ನೆಗೆ ಕೂರಲು ವಿದ್ಯಾರ್ಥಿಗೆ ಏನೇನು ಗೊತ್ತಿರಬೇಕು? ಅಷ್ಟನ್ನೇ ರೆಕಾರ್ಡ್ ಮಾಡಿ. ನನ್ನದು ಎಂಟು ನಿಮಿಷಕ್ಕೆ ಮುಗಿಯಿತು. ಹಿಂದೆ ಇದೇ ಪಾಠಕ್ಕೆ ನಲವತ್ತು ನಿಮಿಷದ ವಿಡಿಯೊ ಮಾಡಿದ್ದೆ.

ಮುಖ ತೋರಿಸುವ ವಿಡಿಯೊ ಬೇಡ, ಧ್ವನಿ ಮತ್ತು ಚಿತ್ರದ ಹಾಳೆಗಳು ಸಾಕು. ಲೆಕ್ಕ ನೋಡಿ. ಎಂಟು ನಿಮಿಷದ ಮಾತನ್ನು ಮೋನೊದಲ್ಲಿ (ಒಂದೇ ಧ್ವನಿ ಜಾಡಿನಲ್ಲಿ), ಸೆಕೆಂಡಿಗೆ 32 ಕಿಲೋಬಿಟ್, ಅಂದರೆ 32 ಕೆಬಿಪಿಎಸ್‌ನಲ್ಲಿ ಉಳಿಸಿದರೆ ಸುಮಾರು 2 ಎಂಬಿ. ಅಷ್ಟೇ ಹೊತ್ತಿನ ವಿಡಿಯೊವನ್ನು 500 ಕೆಬಿಪಿಎಸ್‌ಗೆ ಕುಗ್ಗಿಸಿದರೂ 30 ಎಂಬಿ. ಗುಡ್ಡದ ಮೇಲೆ ನಿಂತು ಡೌನ್‌ಲೋಡ್ ಮಾಡುವವರಿಗೆ ಈ ಎರಡರ ನಡುವೆ ಭೂಮಿ ಆಕಾಶದ ಅಂತರ. ಜೊತೆಗೆ ಆರು ಪುಟದ ಪಿಡಿಎಫ್ ಕೊಡಿ, ಮಾತಿನಲ್ಲಿ "ಈಗ ಮೂರನೆಯ ಪುಟ ನೋಡಿ" ಎಂದು ಹೇಳಿ. ಬರೆದ ಹಾಳೆಯ ಫೋಟೊಗಳನ್ನು ಹಾಗೆಯೇ ಪಿಡಿಎಫ್ ಮಾಡಿದರೆ ಪುಟಕ್ಕೆ ಮೂರು ನಾಲ್ಕು ಎಂಬಿ ಆಗಬಹುದು. ಸ್ಕ್ಯಾನ್ ಮಾಡುವ ಆ್ಯಪ್‌ನಲ್ಲಿ ಕಪ್ಪು ಬಿಳುಪಿಗೆ ಇಳಿಸಿ.

ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದ ಒಂದು ಪಾಠ ನನ್ನ ಹತ್ತಿರ ಈಗಲೂ ಇದೆ. ಮಾತು ಕೇಳುವುದೇ ಇಲ್ಲ, ಮಳೆಯೊಂದೇ. ಸಂಜೆಯಾದರೆ ಜೀರುಂಡೆ. ಬೆಳಗ್ಗೆ ಐದೂವರೆಗೆ, ಬಟ್ಟೆ ಕಂಬಳಿ ತುಂಬಿದ ಸಣ್ಣ ಕೋಣೆಯಲ್ಲಿ, ಫ್ಯಾನ್ ಆರಿಸಿ ಕೂತರೆ ಧ್ವನಿ ಶುಭ್ರವಾಗಿ ಬರುತ್ತದೆ. ಮೈಕು ಗಲ್ಲದಿಂದ ಒಂದು ಗೇಣು ಕೆಳಗಿರಲಿ. ಮಧ್ಯೆ ತಡವರಿಸಿದರೆ ನಿಲ್ಲಿಸಬೇಡಿ, ಆ ವಾಕ್ಯವನ್ನು ಮತ್ತೆ ಹೇಳಿ ಮುಂದೆ ಹೋಗಿ.

ಭಾಷೆಯ ವಿಷಯ: ಕನ್ನಡದಲ್ಲಿ ವಿವರಿಸಿ, ಪರಿಭಾಷೆಯನ್ನು ಎರಡೂ ಭಾಷೆಯಲ್ಲಿ ಹೇಳಿ. ಒಂದೇ ಬೆಂಚಿನಲ್ಲಿ ಒಬ್ಬಳು ಸ್ಥಿತಿಸ್ಥಾಪಕತ್ವ ಎಂದು ಬರೆಯುತ್ತಾಳೆ, ಇನ್ನೊಬ್ಬಳು ಇಲಾಸ್ಟಿಸಿಟಿ ಎಂದು. ಇಬ್ಬರಿಗೂ ತಾವು ಓದುತ್ತಿರುವುದು ಒಂದೇ ವಿಷಯ ಎಂದು ಗೊತ್ತಾಗಬೇಕು.

ಟಿಪ್ಪಣಿ ಟೈಪ್ ಮಾಡುವವರಿಗೆ ಒಂದು ಎಚ್ಚರಿಕೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಹಾಗೆಯೇ ಕಳಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪಿಡಿಎಫ್ ಮಾಡಿ ಕಳಿಸಿ, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಿ. ಕರ್ನಾಟಕ ಎಂಬುದು "ಕನಾರ್ಟಕ" ಆಗಿರುತ್ತದೆ.

ಸರ್ಕಾರದ ಉಚಿತ ಆನ್‌ಲೈನ್ ಪಾಠಗಳ ತಾಣಗಳಾದ ಸ್ವಯಂನಲ್ಲೋ ಎನ್‌ಪಿಟಿಇಎಲ್‌ನಲ್ಲೋ ಒಳ್ಳೆಯ ಪಾಠ ಸಿಕ್ಕಿದರೆ ಈ ಹಂತವನ್ನೇ ಬಿಡಬಹುದು. ಒಂದು ಗಂಟೆಯ ಪಾಠದ ಕೊಂಡಿ ಮಾತ್ರ ಕಳಿಸಬೇಡಿ. ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಎಂದು ಬರೆದು ಕೊಡಿ.

## ಹಂತ 6: ಕಾಲೇಜಿನ ಕಾಂಪೌಂಡಿನೊಳಗೇ ಕೈಗೆ ಕೊಡಿ

"ಮನೆಗೆ ಹೋಗಿ ಡೌನ್‌ಲೋಡ್ ಮಾಡಿಕೊಳ್ಳಿ" ಎಂದರೆ ಅರ್ಧ ಜನರನ್ನು ಅಲ್ಲೇ ಕಳೆದುಕೊಂಡಿರಿ. ಹಿಂದಿನ ಕ್ಲಾಸಿನ ಕೊನೆಯ ಐದು ನಿಮಿಷ ಇದಕ್ಕೇ ಇಡಿ. ಪೆನ್‌ಡ್ರೈವಿನಿಂದ ಪ್ರತಿ ಸಾಲಿನ ಒಬ್ಬರ ಫೋನಿಗೆ ಹಾಕಿ, ಅವರು ಬ್ಲೂಟೂತ್‌ನಲ್ಲೋ ಹತ್ತಿರದ ಫೋನಿಗೆ ಕಳಿಸುವ ಸೌಲಭ್ಯದಲ್ಲೋ ಸಾಲಿಗೆಲ್ಲ ಹಂಚುತ್ತಾರೆ. 2 ಎಂಬಿ ಫೈಲಿಗೆ ಇದು ನಿಮಿಷಗಳ ಕೆಲಸ. ಹೊರಡುವ ಮುಂಚೆ ಪ್ರತಿಯೊಬ್ಬರೂ ಫೈಲ್ ತೆರೆದು ಹತ್ತು ಸೆಕೆಂಡು ಕೇಳಲಿ.

ಕಾಲೇಜಿನಲ್ಲಿ ಮೂಡಲ್ (ಪಾಠ ಹಂಚುವ ಆನ್‌ಲೈನ್ ವ್ಯವಸ್ಥೆ) ಇದ್ದರೆ ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠವನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ನೋಡಬಹುದು. ಅದರ ದಾಖಲೆಯಲ್ಲಿ "ನೋಡಿದ್ದಾರೆ" ಎಂದು ಬಂದರೆ ಫೈಲ್ ತೆರೆದಿದ್ದಾರೆ ಎಂದಷ್ಟೇ ಅರ್ಥ. ಕೇಳಿದ್ದಾರೋ ಇಲ್ಲವೋ ಹೇಳುವುದು ಚೀಟಿ.

## ಹಂತ 7: ಆ ಒಂದು ಗಂಟೆ

ಬಾಗಿಲಲ್ಲೇ ಚೀಟಿ ತೆಗೆದುಕೊಳ್ಳಿ. ಹಾಜರಿ ಕೂಗುವ ಹೊತ್ತಿಗೆ ಹತ್ತು ಹದಿನೈದು ಚೀಟಿಯ ಎರಡನೆಯ ಸಾಲನ್ನು ಓದಿ, ಎಲ್ಲರೂ ಎಡವಿದ ಒಂದು ಜಾಗವನ್ನು ಐದು ನಿಮಿಷದಲ್ಲಿ ಬಿಡಿಸಿ. ಐದು ನಿಮಿಷ ದಾಟಬೇಡಿ. ಚೀಟಿ ತರದವರಿಗಾಗಿ ಪಾಠವನ್ನು ಮೊದಲಿನಿಂದ ಹೇಳಲು ಮನಸ್ಸು ಎಳೆಯುತ್ತದೆ, ತಡೆದುಕೊಳ್ಳಿ. ಒಮ್ಮೆ ಹೇಳಿದಿರೋ, ಮುಂದಿನ ವಾರ ಯಾರೂ ಕೇಳಿ ಬರುವುದಿಲ್ಲ. ತರದವರು ಹಿಂದಿನ ಬೆಂಚಿನಲ್ಲಿ ಕೂತು ಎಂಟು ನಿಮಿಷ ಕೇಳಿ, ಆಮೇಲೆ ಗುಂಪು ಸೇರಲಿ. ಇದು ಶಿಕ್ಷೆಯ ಧಾಟಿಯಲ್ಲಿ ಆಗಬಾರದು.

ಆಮೇಲೆ ಪ್ರಶ್ನೆ. ಎರಡು ನಿಮಿಷ ಪೂರ್ತಿ ಮೌನ. ಎ, ಬಿ, ಸಿ, ಡಿಗೆ ಒಂದೊಂದು ಬಣ್ಣದಂತೆ ದಪ್ಪ ಕಾಗದದ ಕಾರ್ಡುಗಳನ್ನು ಮೊದಲೇ ಹಂಚಿರಿ; ಎಣಿಕೆಯ ಮೇಲೆ ಎಲ್ಲರೂ ಒಟ್ಟಿಗೆ ತಮ್ಮ ಉತ್ತರದ ಬಣ್ಣದ ಕಾರ್ಡನ್ನು ಎದೆಯ ಮಟ್ಟಕ್ಕೆ ಹಿಡಿಯಲಿ. ತಲೆಯ ಮೇಲಕ್ಕೆ ಎತ್ತಿ ಹಿಡಿದರೆ ಹಿಂದಿನವರು ನೋಡಿ ಬದಲಾಯಿಸುತ್ತಾರೆ. ಕಾರ್ಡ್ ಎಣಿಸುವುದು ಕಷ್ಟವಾದರೆ ಪ್ಲಿಕರ್ಸ್ ಎಂಬ ಆ್ಯಪ್ ಇದೆ. ವಿದ್ಯಾರ್ಥಿಗಳು ಅಚ್ಚು ಹಾಕಿದ ಕಾರ್ಡ್ ಹಿಡಿಯುತ್ತಾರೆ, ಅಧ್ಯಾಪಕರ ಫೋನಿನ ಕ್ಯಾಮೆರಾ ಓದುತ್ತದೆ.

ಸರಿ ಉತ್ತರ 30%ಕ್ಕಿಂತ ಕಡಿಮೆ ಬಂದರೆ ಚರ್ಚೆಗೆ ಬಿಡಬೇಡಿ, ಗೊತ್ತಿಲ್ಲದವರು ಗೊತ್ತಿಲ್ಲದವರಿಗೆ ಏನು ಹೇಳಿಯಾರು? ನೀವೇ ಇನ್ನೊಂದು ರೀತಿ ವಿವರಿಸಿ. 70% ದಾಟಿದರೆ ಒಂದು ಮಾತು ಹೇಳಿ ಮುಂದೆ ಹೋಗಿ. ಇವೆರಡರ ನಡುವೆ ಬಂದರೆ ಪ್ರಶ್ನೆ ಹದವಾಗಿದೆ ಎಂದರ್ಥ. ಉತ್ತರ ಯಾವುದೆಂದು ಬಾಯಿಬಿಡದೆ, "ಬೇರೆ ಬಣ್ಣ ಹಿಡಿದವರನ್ನ ಹುಡುಕಿ ಒಪ್ಪಿಸಿ" ಎನ್ನಿ.

ಆಗ ಬೆಂಚುಗಳ ನಡುವೆ ಓಡಾಡಿ, ಸುಮ್ಮನೆ ಕೇಳಿಸಿಕೊಳ್ಳಿ. ಒಮ್ಮೆ ಕಿಟಕಿ ಪಕ್ಕದ ಇಬ್ಬರ ಮಾತು ಹೀಗಿತ್ತು:

"ಜನ ಕಡಿಮೆ ಆದ್ರು ಅಂದ್ಮೇಲೆ ಕಲೆಕ್ಷನ್ ಇಳೀತು ತಾನೆ?"

"ಎಂತ ಇಳಿಯೋದು ಮಾರಾಯ್ತಿ, ನಮ್ಮೂರಿಗೆ ಇರೋದೇ ಒಂದು ಬಸ್ಸು. ಐದು ರೂಪಾಯಿ ಜಾಸ್ತಿ ಮಾಡಿದ್ರೆ ನಾನು ಹತ್ತದೆ ಇರ್ತೀನಾ? ನಾಲ್ಕು ಜನ ಬಿಟ್ರು, ಉಳಿದವರೆಲ್ಲ ಜಾಸ್ತಿ ಕೊಟ್ರಲ್ಲ."

ಎ ಹಿಡಿದಿದ್ದ ಹುಡುಗಿ ಪೆನ್ನು ತೆಗೆದು ಅಂಗೈ ಮೇಲೆ ಗುಣಾಕಾರ ಮಾಡಿದಳು. ಎರಡನೆಯ ಸಲ ಅವಳ ಕಾರ್ಡು ಬದಲಾಯಿತು. ಅಂಥ ಹೊತ್ತಿನಲ್ಲಿ ನಡುವೆ ಬಾಯಿ ಹಾಕಿ "ಸರಿ, ಸರಿ" ಎನ್ನಬೇಡಿ. ನೀವು ತಲೆಯಾಡಿಸಿದರೂ ಇಡೀ ಸಾಲು ನಿಮ್ಮ ಮುಖ ನೋಡಿ ಉತ್ತರ ಬದಲಾಯಿಸುತ್ತದೆ.

ಒಂದು ಪ್ರಶ್ನೆಗೆ ಹನ್ನೆರಡರಿಂದ ಹದಿನೈದು ನಿಮಿಷ ಹಿಡಿಯುತ್ತದೆ. ಮೂರನೆಯದು ಉಳಿದರೆ ಉಳಿಯಲಿ, ಮುಂದಿನ ಕ್ಲಾಸು ಅದರಿಂದಲೇ ಆರಂಭವಾಗಲಿ.

## ಹಂತ 8: ಅಂಕ

ಚೀಟಿಗೆ ಅಂಕವೇ ಇಲ್ಲದಿದ್ದರೆ ಮೂರನೆಯ ವಾರಕ್ಕೆ ನಿಲ್ಲುತ್ತದೆ. ಸರಿ ತಪ್ಪು ನೋಡಿ ಅಂಕ ಕೊಟ್ಟರೆ ನಕಲು ಶುರುವಾಗುತ್ತದೆ. ಇಂಟರ್ನಲ್ ಅಂಕದಲ್ಲಿ ಒಂದು ಸಣ್ಣ ಪಾಲನ್ನು ಚೀಟಿ ಕೊಟ್ಟಿದ್ದಕ್ಕೆ ಮಾತ್ರ ಇಡಿ, ಸೆಮಿಸ್ಟರಿಗೆ ಎರಡು ಚೀಟಿ ತಪ್ಪಿದರೂ ಪೂರ್ತಿ ಅಂಕ ಎಂದು ಮೊದಲೇ ಹೇಳಿ. ಮಳೆ, ಬಸ್ಸು, ತೋಟದ ಕೆಲಸ ಎಲ್ಲಕ್ಕೂ ಆ ಎರಡು ಸಾಕಾಗುತ್ತವೆ, ನಿಮ್ಮ ಮುಂದೆ ಯಾರೂ ಕಾರಣ ಒಪ್ಪಿಸಬೇಕಿಲ್ಲ. ಕಾರ್ಡ್ ತೋರಿಸುವುದಕ್ಕೆ ಎಂದೂ ಅಂಕ ಬೇಡ.

## ಹಳಿ ತಪ್ಪುತ್ತಿದೆ ಎನ್ನುವ ಲಕ್ಷಣಗಳು

ಚೀಟಿಗಳಲ್ಲಿ ಒಂದೇ ವಾಕ್ಯ ಮರುಕಳಿಸಿದರೆ ಯಾರೋ ಒಬ್ಬರು ಕೇಳಿ ಗ್ರೂಪಿಗೆ ಹಾಕಿದ್ದಾರೆ. ಬೈಯಬೇಡಿ, ಪ್ರಶ್ನೆಯನ್ನು ಇನ್ನಷ್ಟು ಅವರವರ ಮನೆಯ ಕಡೆ ತಿರುಗಿಸಿ.

ಚರ್ಚೆ ಒಂದೇ ನಿಮಿಷಕ್ಕೆ ತಣ್ಣಗಾದರೆ ಪ್ರಶ್ನೆ ಸುಲಭವಾಗಿದೆ, ಅಥವಾ ಗೆಳೆಯರೇ ಗೆಳೆಯರ ಪಕ್ಕ ಕೂತಿದ್ದಾರೆ. ಹುಡುಗಿಯರ ಸಾಲಿನಿಂದ ದನಿಯೇ ಬರದಿದ್ದರೆ ಗುಂಪನ್ನು ಮೂವರಿಗೆ ಇಳಿಸಿ. ಗುಂಪು ದೊಡ್ಡದಾದಷ್ಟೂ ಮಾತಾಡುವವರು ಒಬ್ಬರೇ ಆಗುತ್ತಾರೆ.

ನೀವೇ ಹದಿನೈದು ನಿಮಿಷ ಸತತ ಮಾತಾಡಿದ್ದೀರಾ? ಫೋನನ್ನು ಮೇಜಿನ ಮೇಲಿಟ್ಟು ಒಂದು ಕ್ಲಾಸನ್ನು ರೆಕಾರ್ಡ್ ಮಾಡಿ ಕೇಳಿ, ಎಲ್ಲಿ ಜಾರಿದಿರಿ ಎಂದು ಗೊತ್ತಾಗುತ್ತದೆ. ರೆಕಾರ್ಡ್ ಮಾಡುತ್ತಿದ್ದೇನೆ ಎಂದು ಮಕ್ಕಳಿಗೆ ಮೊದಲೇ ಹೇಳಿ.

"ಮೇಡಂ ಪಾಠ ಮಾಡೋದಿಲ್ಲ, ಬರೀ ಪ್ರಶ್ನೆ ಕೇಳ್ತಾರೆ" ಎಂಬ ದೂರು ಎರಡನೆಯ ವಾರ ಬಂದೇ ಬರುತ್ತದೆ. ಅದು ಪ್ರಾಂಶುಪಾಲರ ಕಿವಿಗೆ ಬೀಳುವ ಮುಂಚೆ ನೀವೇ ಹೋಗಿ ಏನು ಮಾಡುತ್ತಿದ್ದೀರಿ ಎಂದು ವಿವರಿಸಿ, ಒಂದು ಕ್ಲಾಸಿಗೆ ಬಂದು ಕೂರಲು ಕೇಳಿಕೊಳ್ಳಿ.

## ಮುಂದಿನ ವರ್ಷಕ್ಕೆ ಏನು ಇಟ್ಟುಕೊಳ್ಳಬೇಕು

ಕ್ಲಾಸು ಮುಗಿದ ದಿನವೇ, ಬಸ್ಸು ಹತ್ತುವ ಮುಂಚೆ, ಪ್ರತಿ ಪ್ರಶ್ನೆಗೂ ಮೊದಲ ಸಲ ಮತ್ತು ಎರಡನೆಯ ಸಲ ಯಾವ ಬಣ್ಣ ಎಷ್ಟು ಬಂತು ಎಂದು ಬರೆದಿಡಿ. ಯಾರೂ ಆರಿಸದ ಆಯ್ಕೆಯನ್ನು ತೆಗೆದು, ಚರ್ಚೆಯಲ್ಲಿ ಕಿವಿಗೆ ಬಿದ್ದ ಹೊಸ ತಪ್ಪನ್ನು ಆ ಜಾಗಕ್ಕೆ ಹಾಕಿ. ಒಳ್ಳೆಯ ಹತ್ತು ಚೀಟಿಗಳನ್ನು ಹೆಸರು ಕತ್ತರಿಸಿ, ಪ್ರಶ್ನೆಗಳ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಗಿಯಾಗಿ ಮುಚ್ಚಿಡಿ. ಮಳೆಗಾಲದಲ್ಲಿ ಕಾಗದಕ್ಕೆ ಬೂಸಲು ಹಿಡಿಯುತ್ತದೆ. ಇನ್ನೊಂದು ಗಂಟೆಯ ಪಾಠ ಆರಿಸುವುದು ಇದೆಲ್ಲ ಆದ ಮೇಲೆ.